ಹಿತ್ತಲ ಶೆಡ್ಡಿಗೆ ಸುಣ್ಣ



ಬೆಂಗಳೂರಿನ ನಮ್ಮ ಮತ್ತಿಕೆರೆಯಲ್ಲಿ ಹಳೆಯ ಮನೆ ಯಾವುದಕ್ಕೇ ಹೋಗಿ. ಮುಂಬಾಗಿಲಿಗೆ ತೋರಣ ಇರುತ್ತದೆ, ಹೊಸ್ತಿಲಿಗೆ ರಂಗೋಲಿ ಇರುತ್ತದೆ, ನಡುಮನೆಯಲ್ಲಿ ಷೋಕೇಸು ಇರುತ್ತದೆ. ಅಡುಗೆಮನೆ ದಾಟಿ ಹಿಂಬಾಗಿಲು ತೆಗೆದರೆ ಒಂದು ಶೆಡ್ಡು. ಆರಡಿ ಎಂಟಡಿ, ತೀರ ಅನುಕೂಲಸ್ಥರದಾದರೆ ಹತ್ತಡಿ ಹತ್ತಡಿ. ಮೇಲೆ ಕಲ್ನಾರಿನ ಶೀಟೋ ಮಂಗಳೂರು ಹೆಂಚೋ. ಗಾಳಿಗೆ ಹಾರದಿರಲಿ ಎಂದು ಶೀಟಿನ ಮೇಲೆ ನಾಲ್ಕು ಸೈಜುಗಲ್ಲು, ಒಂದು ಹಳೇ ಟೈರು. ಬಾಗಿಲ ಚಿಲಕ ಕಿತ್ತುಹೋಗಿ ಯಾವ ಕಾಲವಾಯಿತೋ, ತಂತಿ ಸುತ್ತಿರುತ್ತಾರೆ. ಅದೇನು ಎಂದು ಕೇಳಿ ನೋಡಿ. "ಏನಿಲ್ಲ, ಹಳೇ ಸಾಮಾನು ಹಾಕೋ ಶೆಡ್ಡು" ಎನ್ನುತ್ತಾರೆ, ಸ್ವಲ್ಪ ನಾಚಿಕೊಂಡು, ಬಾಗಿಲು ಮುಂದಕ್ಕೆಳೆಯುತ್ತಾ.

ಈ "ಏನಿಲ್ಲ"ವನ್ನು ಒಳಗೂ ಹೊರಗೂ ನೆಟ್ಟಗೆ ಮಾಡುವುದು ಹೇಗೆ ಎಂಬುದು ಇವತ್ತಿನ ಮಾತು. ಶೆಡ್ಡು ಚೆಂದ ಮಾಡಬೇಕು ಅಂದ ಕೂಡಲೇ ನಮ್ಮ ಜನ ಬಣ್ಣದ ಅಂಗಡಿಗೆ ಓಡುತ್ತಾರೆ. ಬಣ್ಣ ಈ ಕೆಲಸದಲ್ಲಿ ಕಟ್ಟಕಡೆಯದು. ಅದೂ ಮನೆಯದೇ ಒಂದು ಕೋಣೆ ಎಂದು ಮೊದಲು ಒಪ್ಪಿಕೊಳ್ಳಬೇಕು; ಮಿಕ್ಕ ಕೆಲಸವೆಲ್ಲ ಅದರ ಹಿಂದೆ ಬರುತ್ತದೆ.

ಒಪ್ಪಿಕೊಳ್ಳಲು ನಮಗೆ ಕಷ್ಟವಾಗುವುದಕ್ಕೆ ಕಾರಣವಿದೆ. ಕಣ್ಣೆದುರಿಗೆ ಬೇಡ ಎಂದದ್ದನ್ನೆಲ್ಲ ಹಿತ್ತಲಿಗೆ ಹಾಕಿಕೊಂಡು ಬಂದವರು ನಾವು. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ಪೇಟೆ ಬಿಟ್ಟು ಬಂದವರಿಂದ ತುಂಬಿಕೊಂಡ ಮಲ್ಲೇಶ್ವರ, ಬಸವನಗುಡಿ, ಇಂಥ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಕಿರಿದಾದೊಂದು ಓಣಿ ಬಿಟ್ಟಿದ್ದರು. ಕನ್ಸರ್ವೆನ್ಸಿ ಗಲ್ಲಿ ಅಂತ ಅದರ ಹೆಸರು. ಹಿತ್ತಲ ಮೂಲೆಯಲ್ಲಿ ಕಕ್ಕಸು, ಅದರ ಹಿಂಗೋಡೆಯ ಬುಡದಲ್ಲಿ ಪುಟ್ಟದೊಂದು ಕಿಂಡಿ ಬಾಗಿಲು. ಬೆಳಗಾಗುವ ಮೊದಲು ಕೆಲಸದವರು ಆ ಗಲ್ಲಿಯಿಂದಲೇ ಬಂದು, ಕಿಂಡಿಯಲ್ಲಿ ಕೈ ಹಾಕಿ, ಒಳಗಿದ್ದುದನ್ನು ತುಂಬಿಕೊಂಡು ಹೊತ್ತೊಯ್ಯಬೇಕಿತ್ತು. ಮನೆಯವರು ಅವರ ಮುಖ ನೋಡುವ ಪ್ರಸಂಗವೇ ಬಾರದಂತೆ ಏರ್ಪಾಡು. ತಲೆಯ ಮೇಲೆ ಮಲ ಹೊರಿಸುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದವರು 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು. ಸಂಸತ್ತು ಅದಕ್ಕೊಂದು ಕಾನೂನು ಮಾಡುವ ಹೊತ್ತಿಗೆ 1993 ಆಗಿತ್ತು. ಕಕ್ಕಸು ಮನೆಯೊಳಕ್ಕೆ ಬಂದಮೇಲೆ ಹಿತ್ತಲಿನದು ಖಾಲಿ ಬಿತ್ತು. ಗುದ್ದಲಿ, ಹಗ್ಗ, ಮುರಿದ ಕುರ್ಚಿ ಬಂದು ಸೇರಿದವು. ಅದೇ ಸಾಮಾನಿನ ಕೋಣೆಯಾಯಿತು. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕೆಲವು ಕನ್ಸರ್ವೆನ್ಸಿ ಗಲ್ಲಿಗಳನ್ನು ಶುಚಿಮಾಡಿ, ಗೋಡೆಗೆ ಚಿತ್ರ ಬರೆಸಿ, ಓಡಾಡುವ ದಾರಿ ಮಾಡಿದ್ದಾರೆ. ಸಂತೋಷ. ಆ ಕಿಂಡಿಗಳ ಗುರುತು ಇನ್ನೂ ಕೆಲವು ಗೋಡೆಗಳಲ್ಲಿ ಉಳಿದಿದೆ, ನೋಡಬೇಕೆಂದಿದ್ದವರಿಗೆ ಕಾಣುತ್ತದೆ.

ಇನ್ನು ಕೆಲವರ ಮನೆಯಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರು ಹೋಗಿ ಕೂರಬೇಕಾಗಿದ್ದುದು ಇಂಥದೇ ಕೋಣೆಯಲ್ಲಿ. ನಮ್ಮ ಅತ್ತೆ ಶೆಡ್ಡಿಗೆ ಕಿಟಕಿ ಇಡಿಸಲೇಬೇಕೆಂದು ಹಟ ಹಿಡಿದಿದ್ದರು. ಸಾಮಾನಿಗೆ ಯಾತಕ್ಕಮ್ಮ ಕಿಟಕಿ ಎಂದು ಮನೆಯ ಗಂಡಸರೆಲ್ಲ ನಕ್ಕಿದ್ದರಂತೆ. ಅತ್ತೆ ನಗಲಿಲ್ಲ, ಕಿಟಕಿ ಇಡಿಸಿದರು.

ಮತ್ತಿಕೆರೆಯ ಶೆಡ್ಡುಗಳ ವಂಶ ಸ್ವಲ್ಪ ಬೇರೆ. ಇದು ಮೊದಲು ಹಳ್ಳಿ. ಇಲ್ಲಿ ಹಿತ್ತಲು ಅಂದರೆ ದನದ ಕೊಟ್ಟಿಗೆ, ಹುಲ್ಲಿನ ಬಣವೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಬಂತು, ಮರುವರ್ಷ ಬಿ.ಇ.ಎಲ್. ಬಂತು. ಫ್ಯಾಕ್ಟರಿಗೆ ಹೋಗುವವರು ಯಶವಂತಪುರ, ಮತ್ತಿಕೆರೆಯ ಸುತ್ತ ಸೈಟು ಕೊಂಡು, ಸಂಬಳದಲ್ಲಿ ಉಳಿಸಿ ಉಳಿಸಿ, ಒಂದೊಂದೇ ಕೋಣೆ ಎಬ್ಬಿಸಿದರು. ದುಡ್ಡು ಮುಗಿದಲ್ಲಿಗೆ ಮನೆ ಮುಗಿಯಿತು. ಬಚ್ಚಲು, ಹಂಡೆ, ಸೌದೆ ಮೂರಕ್ಕೂ ಹಿಂದೊಂದು ಶೆಡ್ಡು ಹಾಕಿಕೊಂಡರು. ಸೌದೆ ಡಿಪೋದಿಂದ ಸೌದೆ, ಸಾಮಿಲ್ಲಿನಿಂದ ಮೂಟೆಯಲ್ಲಿ ಮರದ ಹೊಟ್ಟು. ಹೊಟ್ಟಿನ ಒಲೆಯನ್ನು ಗಿಡಿದು ಹೊತ್ತಿಸಿದರೆ ಒಬ್ಬರಾದಮೇಲೊಬ್ಬರು ಮನೆಮಂದಿಯೆಲ್ಲ ಸ್ನಾನ ಮಾಡಬಹುದಿತ್ತು. ಗೀಸರ್ ಬಂತು, ಒಲೆ ಆರಿತು. ಹೊಗೆ ಹಿಡಿದ ಗೋಡೆ ಮಾತ್ರ ಹಾಗೇ ಉಳಿಯಿತು.

ಈಗ ಕೆಲಸಕ್ಕೆ ಬರೋಣ.

ಮೊದಲ ಕೆಲಸ, ಒಳಗಿರುವುದನ್ನೆಲ್ಲ ಅಂಗಳಕ್ಕೆ ತರುವುದು. ಎಲ್ಲವನ್ನೂ. ಅರ್ಧ ತಂದು ಅರ್ಧ ಮೂಲೆಗೆ ತಳ್ಳಿ ಗುಡಿಸಿದರೆ ಅದು ಕೆಲಸವಲ್ಲ. ಹೊರಗೆ ಬಂದ ಮೇಲೆ ನೋಡಿ: ದಸರಾ ಗೊಂಬೆಯ ಟ್ರಂಕು, ಗೊಂಬೆ ಮೆಟ್ಟಿಲಿನ ಹಲಗೆಗಳು, ತಾಮ್ರದ ಹಂಡೆ, ಒರಳು, ಬತ್ತಿ ಸ್ಟೌವು, ಮಗಳ ಮೂರು ಗಾಲಿ ಸೈಕಲ್ಲು, ತಳದಲ್ಲಿ ಗಟ್ಟಿಯಾದ ಬಣ್ಣದ ಡಬ್ಬಗಳು, ಮಾತಾಡದ ಮರ್ಫಿ ರೇಡಿಯೊ. ಇಲ್ಲಿ ಮನೆಯಲ್ಲಿ ಜಗಳ ಗ್ಯಾರಂಟಿ. ಒಬ್ಬರು ಗುಜರಿಗೆ ಹಾಕೋಣ ಎನ್ನುತ್ತಾರೆ, ಇನ್ನೊಬ್ಬರು "ಇರಲಿ ಬಿಡು, ಯಾವಾಗಾದರೂ ಬೇಕಾಗತ್ತೆ" ಎನ್ನುತ್ತಾರೆ. ನನ್ನ ಪಕ್ಷ ಮಧ್ಯದ್ದು. ತಾಮ್ರ, ಹಿತ್ತಾಳೆ, ಕಲ್ಲು ಮಾರಬೇಡಿ. ಈಗ ಕೊಟ್ಟ ಬೆಲೆಗೆ ಇನ್ನೊಮ್ಮೆ ಸಿಗುವುದಿಲ್ಲ. ರಟ್ಟು, ಥರ್ಮೋಕೋಲು, ಹಳೇ ಹಾಸಿಗೆ ಒಂದು ದಿನವೂ ಇಟ್ಟುಕೊಳ್ಳಬೇಡಿ. ಇಲಿಯ ಬಾಣಂತಿ ಕೋಣೆ ಅದೇ. ಇಲಿ ಇದ್ದಲ್ಲಿಗೆ ಕೇರೆ ಹಾವು ಬರುತ್ತದೆ. ಕೇರೆಗೆ ವಿಷವಿಲ್ಲ, ಆದರೆ ಕತ್ತಲಲ್ಲಿ ಕೈ ಹಾಕಿದವರಿಗೆ ಅದನ್ನು ವಿಚಾರಿಸುವ ವ್ಯವಧಾನ ಇರುವುದಿಲ್ಲ. ಹಳೇ ಟೀವಿ, ಬ್ಯಾಟರಿ, ಸುಟ್ಟ ಟ್ಯೂಬ್‌ಲೈಟನ್ನು ತಳ್ಳುಗಾಡಿಯವರಿಗೆ ಕೊಡಬೇಡಿ. ಟ್ಯೂಬಿನಲ್ಲಿ ಪಾದರಸ, ಬ್ಯಾಟರಿಯಲ್ಲಿ ಸೀಸ. ಒಡೆಯುವ ಕೈ ಯಾರದೋ ಹುಡುಗನದಾಗಿರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಖಾಲಿ ಮಾಡಿದ ಶೆಡ್ಡಿನಲ್ಲಿ ಒಂದು ಮಳೆ ನೋಡಬೇಕು. ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕಾದದ್ದು ಇದೇ. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಗುಡುಗಿಕೊಂಡು ಬರುತ್ತದಲ್ಲ, ಆಗ ಕೊಡೆ ಹಿಡಿದು ಒಂದು ಸಲ ಹಿತ್ತಲಲ್ಲಿ ನಿಲ್ಲಿ, ಒಂದು ಸಲ ಶೆಡ್ಡಿನೊಳಗೆ ನಿಲ್ಲಿ. ನೀರು ಮೇಲಿನಿಂದ ಮಾತ್ರ ಬರುತ್ತದೆ ಎಂದುಕೊಂಡಿರುತ್ತೀರಿ. ಶೀಟಿನ ಅಂಚಿನಿಂದ ಬಿದ್ದ ನೀರು ನೆಲಕ್ಕೆ ಬಡಿದು, ಕೆಂಪು ಮಣ್ಣಿನ ಸಮೇತ ಗೋಡೆಗೆ ಸಿಡಿಯುವುದನ್ನು ನೋಡಿ. ಹಿತ್ತಲ ನೀರೆಲ್ಲ ಮೋರಿಗೆ ಹೋಗದೆ ಬಾಗಿಲ ಕಡೆಗೇ ಹರಿಯುವುದನ್ನು ನೋಡಿ. ಬೆಂಗಳೂರಿನಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಉಂಟು. ಪ್ರತಿ ಸಲ ಡಾಂಬರು ಹಾಕಿದಾಗಲೂ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಹಾಕಿ ರಸ್ತೆಯನ್ನು ಎತ್ತರಿಸಿದ್ದಾರೆ. ಹಳೆಯ ಮನೆಗಳು ರಸ್ತೆಗಿಂತ ತಗ್ಗಾದವು, ಹಿತ್ತಲು ಇನ್ನೂ ತಗ್ಗಾಯಿತು. ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಮೆಟ್ಟಿಲಿಳಿದು ಹೋಗುವ ಬೀದಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಬಿಳಿಯ ಹುಡಿ ಒತ್ತಿಕೊಂಡು ಬಂದಿದ್ದರೆ ಅದು ನೆಲದಿಂದ ಗೋಡೆ ಹೀರಿದ ನೀರು. ನೀರು ಆವಿಯಾಗಿ ಹೋಗಿದೆ, ಅದು ಹೊತ್ತು ತಂದ ಉಪ್ಪು ಉಳಿದಿದೆ. ಇದರ ಮೇಲೆ ಎಷ್ಟು ಬೆಲೆಯ ಬಣ್ಣ ಬಳಿದರೂ ಒಂದು ಮಳೆಗಾಲಕ್ಕೆ ಹೊಪ್ಪಳೆ ಎದ್ದು ಬರುತ್ತದೆ.

ಪರಿಹಾರ ದೊಡ್ಡದೇನಲ್ಲ. ಸೂರನ್ನು ಒಂದಡಿ ಮುಂದಕ್ಕೆ ಚಾಚಿಸಬೇಕು. ನೀರು ಬೀಳುವ ಗೆರೆಯುದ್ದಕ್ಕೂ ಒಂದಡಿ ಅಗಲಕ್ಕೆ ಮಣ್ಣು ತೆಗೆದು ಜಲ್ಲಿ ತುಂಬಿಸಿದರೆ ಕೆಸರು ಸಿಡಿಯುವುದಿಲ್ಲ. ಗೋಡೆಗೆ ಒರಗಿಸಿಟ್ಟ ಕಲ್ಲು, ಮಣ್ಣಿನ ಗುಡ್ಡೆ, ಹೂಕುಂಡ ಎಲ್ಲವನ್ನೂ ದೂರ ಸರಿಸಬೇಕು. ಅಂಚಿಗೆ ತಗಡಿನ ದೋಣಿ ಕಟ್ಟಿ ನೀರನ್ನು ಡ್ರಮ್ಮಿಗೆ ಬಿಟ್ಟರೆ ಇನ್ನೂ ಲೇಸು. ಲೆಕ್ಕ ಸುಲಭ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಹತ್ತಡಿ ಹತ್ತಡಿಯ ಶೆಡ್ಡಿನ ಸೂರು ಒಂಬತ್ತು ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ವರ್ಷಕ್ಕೆ 9,000 ಲೀಟರಿನಷ್ಟು ನೀರು ಅದರ ಮೇಲೆ ಬೀಳುತ್ತದೆ. ಸೋರಿಕೆ, ಆವಿ, ಮೊದಲ ಮಳೆಯ ಕೊಳೆ ಎಲ್ಲ ಕಳೆದರೂ ಗಿಡಗಳಿಗೆ ಸಾಕು. ದೊಡ್ಡ ನಿವೇಶನಗಳಿಗೆ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ. ಶೆಡ್ಡಿಗೆ ಯಾರೂ ಕಡ್ಡಾಯ ಮಾಡಿಲ್ಲ, ನಾವೇ ಮಾಡಿಕೊಳ್ಳಬೇಕು. ಕಲ್ನಾರಿನ ಹಳೆಯ ಶೀಟಿನಿಂದ ಬಂದ ನೀರನ್ನು ಮಾತ್ರ ಕುಡಿಯುವುದಕ್ಕೂ ಸೊಪ್ಪಿನ ಮಡಿಗೂ ಬಳಸದಿರುವುದು ಒಳ್ಳೆಯದು.

ಗೋಡೆಯ ವಿಷಯಕ್ಕೆ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಕೆಡಿಸುವುದು ಇಲ್ಲೇ. ನಮ್ಮ ಹಳೆಯ ಶೆಡ್ಡುಗಳ ಗೋಡೆ ಇಟ್ಟಿಗೆಯದಾದರೂ ನಡುವಿನ ಗಾರೆ ಬರೀ ಮಣ್ಣು. ಅದರ ಮೇಲೆ ಸುಣ್ಣದ ಗಿಲಾವು. ಇಂಥ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ನಮ್ಮ ಮನೆಗೆ ಬರುವ ಮೇಸ್ತ್ರಿಯೊಬ್ಬರಿದ್ದಾರೆ, ವಯಸ್ಸಾದವರು. ಗೋಡೆಗೆ ಸಿಮೆಂಟು ಮೆತ್ತಿಸಿ, ಪುಟ್ಟಿ ಹಾಕಿಸಿ, ನುಣ್ಣಗೆ ಎಮಲ್ಷನ್ ಹೊಡೆಸೋಣ ಎಂದು ನಾನು ಹೇಳಿದ್ದಕ್ಕೆ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು.

"ಬ್ಯಾಡಿ ಅಮ್ಮಾ," ಅಂದರು. "ಒಳಗೆ ಮಣ್ಣದೆ. ನೀವು ಮ್ಯಾಲೆ ಪ್ಲಾಸ್ಟಿಕ್ ಕಾಗದ ಸುತ್ತಿದಂಗೆ ಮಾಡಿದ್ರೆ ಅದು ಬೆವರಕ್ಕೆ ಎಲ್ಲಿಗೆ ಹೋಗ್ಬೇಕು?"

"ಸುಣ್ಣ ಮೈಗೆ ಹತ್ತಲ್ವಾ ಮೇಸ್ತ್ರಿ? ಒರಗಿಕೊಂಡರೆ ಬೆನ್ನೆಲ್ಲ ಬೆಳ್ಳಗಾಗುತ್ತೆ."

"ಯಾವಾನೋ ನೀರ್ ನೀರಾಗಿ ಬಳ್ದಿರ್ತಾನೆ, ಅದುಕ್ಕೇ ಹತ್ತದೆ. ಹದವಾಗಿ ಮಾಡಿದ್ರೆ ಹತ್ತಲ್ಲ. ನೋಡ್ತಿರಿ."

ಆ ಹದ ಹೀಗೆ. ಸುಟ್ಟ ಸುಣ್ಣದ ಕಲ್ಲು ತರಬೇಕು. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು, ಆಮೇಲೆ ಕಲ್ಲು, ಒಂದೊಂದಾಗಿ. ಕಲ್ಲಿನ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯುಮಿನಿಯಂ ಪಾತ್ರೆ ಕೂಡದು, ಸುಣ್ಣ ಅದನ್ನು ತಿಂದುಹಾಕುತ್ತದೆ. ಕಲ್ಲು ಬಿದ್ದ ಸ್ವಲ್ಪ ಹೊತ್ತಿಗೆ ಒಲೆಯಿಲ್ಲದೆ ನೀರು ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರವಿಡಿ, ಹತ್ತಿರ ನಿಂತು ಕಲಸುವವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲಿ. ಕಣ್ಣಿಗೆ ಹಾರಿದ ಸುಣ್ಣ ಹುಡುಗಾಟವಲ್ಲ. ರಾತ್ರಿಯಿಡೀ ಬಿಟ್ಟು, ಮಾರನೆಯ ದಿನ ಕಲಸಿ, ಗೋಣಿಯಲ್ಲೋ ಹಳೇ ಪಂಚೆಯಲ್ಲೋ ಸೋಸಬೇಕು. ಹಾಲಿನ ಹದಕ್ಕೆ ನೀರು ಬೆರೆಸಿ, ಬಿಸಿನೀರಿನಲ್ಲಿ ಕರಗಿಸಿದ ಸರೇಸನ್ನು ಅಂಟಿಗೆಂದು ಸೇರಿಸಬೇಕು. ಬೆಳ್ಳಗೆ ಹೊಳೆಯಬೇಕಾದರೆ ಒಂದು ಚಿಟಿಕೆ ನೀಲಿ. ಗೋಡೆಯ ಹಳೆಯ ಹಕ್ಕಳೆಗಳನ್ನು ಕೆರೆದು, ನೀರು ಚಿಮುಕಿಸಿ, ನಾರಿನ ಕುಂಚದಲ್ಲಿ ಮೊದಲ ಕೈ ಅಡ್ಡಡ್ಡ, ಎರಡನೆಯದು ಉದ್ದುದ್ದ. ತೆಳ್ಳಗೆ ಬಳಿಯಬೇಕು. ಬಳಿದ ತಕ್ಷಣ ಗೋಡೆ ಏನೂ ಬಳಿದಿಲ್ಲವೇನೋ ಎಂಬಷ್ಟು ಮಾಸಲಾಗಿಯೇ ಕಾಣುತ್ತದೆ. ಮೊದಲ ಸಲ ಮಾಡುವವರು ಗಾಬರಿಯಾಗಿ ಇನ್ನಷ್ಟು ದಪ್ಪಗೆ ಮೆತ್ತುವುದು ಇಲ್ಲೇ. ಆಮೇಲೆ ಅದು ಬಿರಿದು ಉದುರುತ್ತದೆ. ಸುಮ್ಮನೆ ಬಿಟ್ಟು ಒಳಗೆ ಹೋಗಿ ಕಾಫಿ ಕುಡಿದು ಬನ್ನಿ. ಒಣಗುತ್ತಾ ಒಣಗುತ್ತಾ ಒಂದು ಮೂಲೆಯಿಂದ ಬಿಳುಪು ಏಳುತ್ತದೆ.

ಆ ಬಿಳುಪು ಎಲ್ಲಿಂದ ಬಂತು? ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಗೂಡಿನಲ್ಲಿ ಸುಡುವಾಗ ಕಳೆದುಕೊಂಡದ್ದನ್ನು ನಿಮ್ಮ ಗೋಡೆಯ ಮೇಲೆ ಕೂತು ವಾಪಸು ಪಡೆಯುತ್ತದೆ. ಅದರ ಕ್ಷಾರಕ್ಕೆ ಬೂಷ್ಟು ನಿಲ್ಲುವುದಿಲ್ಲ, ಕ್ರಿಮಿ ನಿಲ್ಲುವುದಿಲ್ಲ, ಗೋಡೆಯ ತೇವಕ್ಕೂ ದಾರಿ ಕಟ್ಟುವುದಿಲ್ಲ. ಸಂಕ್ರಾಂತಿ ಕಳೆದು ಯುಗಾದಿಗೆ ಮೊದಲು ಮನೆಗೆ ಸುಣ್ಣ ಬಳಿಯುತ್ತಿದ್ದವರಿಗೆ ರಸಾಯನಶಾಸ್ತ್ರ ಗೊತ್ತಿತ್ತೋ ಇಲ್ಲವೋ, ಮಳೆ ಬರುವ ಮೊದಲು ಗೋಡೆ ಒಣಗಬೇಕು ಎಂಬುದು ಗೊತ್ತಿತ್ತು. ಈಗ ನಾವು ದೀಪಾವಳಿಗೆ ರಿಯಾಯಿತಿ ಸಿಗುತ್ತದೆ ಎಂದು ಬಣ್ಣ ಹೊಡೆಸುತ್ತೇವೆ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಆ ಮಳೆ ಕುಡಿದ ಗೋಡೆ ಅಕ್ಟೋಬರಿನಲ್ಲಿ ಇನ್ನೂ ಒದ್ದೆ.

ಗೋಡೆ ತೀರಾ ಶಿಥಿಲವಾಗಿದ್ದರೆ ಸುಣ್ಣದಿಂದ ಆಗುವುದಿಲ್ಲ, ಬಿಚ್ಚಿ ಕಟ್ಟಬೇಕು. ಆಗ ನಮ್ಮ ಪಕ್ಕದಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟನ್ನು ನೆನೆಯಿರಿ. 1909ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಈ ಕಡೆಯ ಹಳಬರು ಕರೆಯುವುದೇ ಹಾಗೆ. ಅಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಅಸ್ತ್ರ ಎಂಬ ಕೇಂದ್ರ ಆರಂಭಿಸಿದರು. ಕಡಿಮೆ ಸೌದೆಯ, ಹೊಗೆ ಹೊರಹೋಗುವ ಅಸ್ತ್ರ ಒಲೆ ಅಲ್ಲಿಯದೇ. ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಅಲ್ಲಿ ಬಹಳ ವರ್ಷ ದುಡಿದದ್ದು ಮಣ್ಣಿನ ಇಟ್ಟಿಗೆಯ ಮೇಲೆ. ಮಣ್ಣು, ಮರಳು, ಜೊತೆಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರಕ್ಕೆ ಹಾಕಿ ಅದುಮಿದರೆ ಇಟ್ಟಿಗೆ. ಸುಡುವುದಿಲ್ಲ, ಮೂರು ವಾರ ನೀರುಣಿಸಿ ನೆರಳಲ್ಲಿ ಇಡಬೇಕು, ಅಷ್ಟೆ. ಬೆಂಗಳೂರಿನಲ್ಲಿ ಈ ಇಟ್ಟಿಗೆಯ ಎರಡಂತಸ್ತಿನ ಮನೆಗಳಿವೆ. ಶೆಡ್ಡು ಯಾವ ಲೆಕ್ಕ. ಒಳ್ಳೆಯದಾಗಿ ಕಟ್ಟಿದ ಮಣ್ಣಿನ ಇಟ್ಟಿಗೆಯ ಗೋಡೆಗೆ ಗಿಲಾವೂ ಬೇಡ, ಬಣ್ಣವೂ ಬೇಡ.

ಇನ್ನು ಸೂರು. ಮಂಗಳೂರು ಹೆಂಚಿದ್ದರೆ ನೀವು ಪುಣ್ಯವಂತರು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಆ ಹೆಂಚಿನ ಅಚ್ಚು ಹೆಚ್ಚುಕಡಿಮೆ ಹಾಗೇ ಇದೆ. ಒಡೆದದ್ದನ್ನು ತೆಗೆದು ಇನ್ನೊಂದು ಕೂರಿಸಿದರಾಯಿತು. ಪಾಚಿ ಹಿಡಿದದ್ದನ್ನು ಇಳಿಸಿ, ತೆಂಗಿನ ನಾರಿನಲ್ಲಿ ಉಜ್ಜಿ, ಒಣಗಿಸಿ ಮತ್ತೆ ಏರಿಸಿ. ಕೆಳಗಿನ ರೀಪರುಗಳನ್ನು ಅದೇ ಹೊತ್ತಿಗೆ ಉಳಿಯ ಮೊನೆಯಿಂದ ಚುಚ್ಚಿ ನೋಡಿ. ಗೆದ್ದಲು ತಿಂದದ್ದು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಕಲ್ನಾರಿನ ಶೀಟು ಇದ್ದರೆ ಮಾತು ಬೇರೆ, ದಯವಿಟ್ಟು ಗಮನವಿಟ್ಟು ಕೇಳಿ. ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಶ್ವಾಸಕೋಶಕ್ಕೆ ಹೋದವು ಅಲ್ಲೇ ಉಳಿದು, ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲವು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 60ಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಬಿಳಿ ಕಲ್ನಾರನ್ನು ಹೊರದೇಶದಿಂದ ತರಿಸಿ ಶೀಟು ಮಾಡಿ ಇನ್ನೂ ಮಾರುತ್ತಾರೆ. ಗಟ್ಟಿಯಾಗಿರುವ ಶೀಟನ್ನು ಮುಟ್ಟದೆ ಬಿಟ್ಟರೆ ಅಪಾಯ ಕಡಿಮೆ. ಚೆಂದ ಮಾಡುತ್ತೇವೆಂದು ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಡ್ರಿಲ್ ಹಾಕುವುದು, ಗರಗಸದಲ್ಲಿ ಕೊಯ್ಯುವುದು, ಹಾರೆಯಲ್ಲಿ ಒಡೆಯುವುದು, ಇವು ಧೂಳೆಬ್ಬಿಸುತ್ತವೆ, ಕುತ್ತು ಇರುವುದು ಆ ಧೂಳಿನಲ್ಲಿ. ತೆಗೆಯಲೇಬೇಕಾದರೆ ಶೀಟನ್ನು ನೀರಿನಿಂದ ನೆನೆಸಿ, ಜೆ ಬೋಲ್ಟಿನ ನಟ್ಟು ಬಿಚ್ಚಿ, ಒಡೆಯದಂತೆ ಇಡಿಯಾಗಿ ಇಳಿಸಬೇಕು. ಕೆಲಸದವರಿಗೆ ಕರ್ಚೀಫು ಕಟ್ಟಿಕೊಳ್ಳಿ ಎಂದರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಕೊಡಬೇಕು. ಅವರು ಬೇ‍ಡ ಎನ್ನುತ್ತಾರೆ, "ಇದೆಲ್ಲ ನಮಗೆ ಅಭ್ಯಾಸ ಅಕ್ಕಾ" ಎನ್ನುತ್ತಾರೆ. ಕೊಡಿ.

ತಗಡಿನ ಶೀಟು ಹಾಕಿಸಿದರೆ ಸೆಕೆ. ಮೇಲ್ಮೈಗೆ ಬಿಳಿ ಬಣ್ಣ ಬಳಿಸಿದರೆ ಬಿಸಿಲು ಬಹುಪಾಲು ವಾಪಸು ಹೋಗುತ್ತದೆ, ಒಳಗೆ ತಡೆದುಕೊಳ್ಳುವಂತಾಗುತ್ತದೆ. ಕೆಳಗೆ ಬಿದಿರು ತಟ್ಟಿ ಕಟ್ಟಿಸಿದರೆ ಇನ್ನೂ ಒಳ್ಳೆಯದು. ಶೀಟಿಗೂ ಗೋಡೆಗೂ ನಡುವೆ ಒಂದು ಗೇಣು ಬಿಟ್ಟು, ಅಲ್ಲಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಬಿಸಿಗಾಳಿ ಮೇಲಿನಿಂದಲೇ ಹೊರಟುಹೋಗುತ್ತದೆ, ಇಲಿ ಬರುವುದಿಲ್ಲ.

ಒಳಗೆ ಬೇಕಾದದ್ದು ಬೆಳಕು. ಹೆಂಚಿನ ಸೂರಾದರೆ ಎರಡು ಗಾಜಿನ ಹೆಂಚು ಕೂರಿಸಿ, ಮಧ್ಯಾಹ್ನವೆಲ್ಲ ದೀಪ ಬೇಡ. ಶೀಟಾದರೆ ಬೆಳಕು ಬಿಡುವ ಫೈಬರ್ ಶೀಟು ಒಂದು. ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಬದಲು ಕಡಪ ಕಲ್ಲಿನ ಎರಡು ಅಟ್ಟಣೆ ಹಾಕಿಸಿ. ಅದಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ, ಒರೆಸಿದರೆ ಶುಚಿ. ಕೆಳಗಿನದು ನೆಲದಿಂದ ಒಂದಡಿ ಮೇಲಿರಲಿ, ಪೊರಕೆ ಒಳಗೆ ಹೋಗಬೇಕು. ನೆಲಕ್ಕೆ ರೆಡ್ ಆಕ್ಸೈಡ್ ತಿಕ್ಕಿಸಿದರೆ ಹತ್ತಾರು ವರ್ಷ ನೋಡಬೇಕಾಗಿಲ್ಲ, ಆದರೆ ಅದನ್ನು ತಿಕ್ಕುವ ಕೈ ಈಗ ಅಪರೂಪ. ವಿದ್ಯುತ್ ಎಳೆಯುವಾಗ ಕಿಟಕಿಯಿಂದ ಕಿಟಕಿಗೆ ಜೋಲುವ ವಯರು ಬೇಡ. ಪೈಪಿನಲ್ಲಿ ತನ್ನಿ, ಅರ್ಥಿಂಗ್ ಇರಲಿ, 30 ಮಿಲಿಆಂಪಿಯರಿಗೆ ಬೀಳುವ ಇ.ಎಲ್.ಸಿ.ಬಿ. ಇರಲಿ. ಒದ್ದೆ ನೆಲ, ತಗಡಿನ ಬಾಗಿಲು, ಬರಿಗಾಲು ಮೂರೂ ಸೇರುವ ಜಾಗ ಅದು.

ಹೊರಗಿನ ಸಿಂಗಾರಕ್ಕೆ ನನಗೆ ಇಷ್ಟವಾದದ್ದು ನಮ್ಮ ಹಳ್ಳಿಮನೆಗಳ ಕ್ರಮವೇ: ಗೋಡೆಗೆಲ್ಲ ಸುಣ್ಣ, ಬುಡಕ್ಕೆ ಒಂದು ಮೊಳ ಕೆಮ್ಮಣ್ಣಿನ ಪಟ್ಟಿ. ನೋಡಲು ಲಕ್ಷಣ, ಕೆಸರು ಸಿಡಿದರೂ ಗೊತ್ತಾಗುವುದಿಲ್ಲ. ಬಾಗಿಲ ಮರವನ್ನು ಉಜ್ಜುಕಾಗದದಿಂದ ತಿಕ್ಕಿ ಅಗಸೆ ಎಣ್ಣೆ ಕುಡಿಸಿ. ಮಣ್ಣಿಗೆ ತಾಗುವ ತುದಿಗೆ ಗೇರೆಣ್ಣೆ ಸಿಕ್ಕರೆ ಗೆದ್ದಲು ದೂರ. ಒಂದು ತೊಂಡೆಬಳ್ಳಿಯನ್ನೋ ಬಸಳೆಯನ್ನೋ ಹಬ್ಬಿಸಬಹುದು. ಗೋಡೆಗೇ ಅಲ್ಲ, ಗೋಡೆಯಿಂದ ಒಂದು ಗೇಣು ಬಿಟ್ಟು ತಂತಿ ಕಟ್ಟಿ ಅದರ ಮೇಲೆ. ಬಿರುಕಿನಲ್ಲಿ ಅರಳಿ ಸಸಿ ಎದ್ದಿದ್ದರೆ ಎಳೆಯದಿದ್ದಾಗಲೇ ಬೇರು ಸಮೇತ ತೆಗೆಯಬೇಕು. ಅಶ್ವತ್ಥನನ್ನು ಕೀಳುವುದು ಹೇಗಮ್ಮ ಎಂದು ಹಿರಿಯರು ಅಳುಕುತ್ತಾರೆ. ಕುಂಡಕ್ಕೆ ಹಾಕಿ ನೀರೆರೆಯಿರಿ, ಯಾವುದಾದರೂ ಪಾರ್ಕಿಗೋ ಕಟ್ಟೆಗೋ ಸೇರುತ್ತದೆ. ಅಳುಕಿಗೆ ಬಿಟ್ಟು ಗೋಡೆ ಕಳೆದುಕೊಂಡವರನ್ನು ನಮ್ಮ ಬೀದಿಯಲ್ಲೇ ತೋರಿಸಬಲ್ಲೆ.

ಇಷ್ಟೆಲ್ಲ ಮಾಡಿದ ಕೋಣೆಗೆ ಮತ್ತೆ ಅದೇ ಟ್ರಂಕು, ಅದೇ ಟೈರು ತುಂಬಬೇಡಿ. ಬರ್ನಾರ್ಡ್ ಷಾ ಇಂಗ್ಲೆಂಡಿನ ತನ್ನ ಹಳ್ಳಿಮನೆಯ ಹಿತ್ತಲಲ್ಲಿ ಒಂದು ಮರದ ಗುಡಿಸಲು ಮಾಡಿಕೊಂಡಿದ್ದ. ಬಿಸಿಲು ಸರಿದಂತೆ ತಳ್ಳಿ ತಿರುಗಿಸಿಕೊಳ್ಳುವ ಗುಡಿಸಲು. ಅದಕ್ಕೆ ಲಂಡನ್ ಎಂದು ಹೆಸರಿಟ್ಟಿದ್ದನಂತೆ, ಬೇಡದವರು ಬಂದರೆ ಯಜಮಾನರು ಲಂಡನ್ನಿಗೆ ಹೋಗಿದ್ದಾರೆ ಎಂದು ಮನೆಯವರು ಸುಳ್ಳಾಡದೆ ಹೇಳಲಿಕ್ಕೆ. ಅಷ್ಟು ದೂರ ಯಾಕೆ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರ ಆರಂಭಿಸಿದ್ದು ತಮ್ಮ ಮನೆ ವಿಠ್ಠಲ ವಿಹಾರದಲ್ಲೇ, 30 ವಾಟಿನ ಸಣ್ಣ ಪ್ರಸಾರ ಯಂತ್ರ ಇಟ್ಟುಕೊಂಡು. ನೀವು ಈಗ ಕೇಳುತ್ತಿರುವ ಬಾನುಲಿ ಆ ಮನೆಯ ಪ್ರಸಾರದ ಮುಂದುವರಿಕೆ. ಫ್ಯಾಕ್ಟರಿಯಿಂದ ನಿವೃತ್ತರಾದ ನಮ್ಮ ಬೀದಿಯ ಒಬ್ಬರು ಶೆಡ್ಡಿನಲ್ಲಿ ಒಂದು ಬೆಂಚು, ಒಂದು ವೈಸು ಹಾಕಿಕೊಂಡಿದ್ದಾರೆ. ಕೇರಿಯ ಮಿಕ್ಸಿ, ಕುಕ್ಕರ್ ಹಿಡಿ, ಮಕ್ಕಳ ಸೈಕಲ್ಲು ಎಲ್ಲ ಅಲ್ಲಿಗೆ ಬರುತ್ತವೆ. ದುಡ್ಡು ಕೇಳುವುದಿಲ್ಲ, ಹರಟೆ ಕೇಳುತ್ತಾರೆ.

ಕೊನೆಯದಾಗಿ ಬಾಡಿಗೆಯ ಮಾತು. ಶೆಡ್ಡಿಗೆ ಸುಣ್ಣಬಣ್ಣ ಆದ ಕೂಡಲೇ ನಮ್ಮ ಊರಿನಲ್ಲಿ ಬರುವ ಮುಂದಿನ ಯೋಚನೆ ಅದೇ. ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು, ಇಲ್ಲೇ ಕಾಲೇಜಿಗೆ ಸೇರಿದ ಹುಡುಗರು, ಯಾರಿಗಾದರೂ "ಶೀಟ್ ಮನೆ ಇದೆ" ಎಂದು ಬೋರ್ಡು ಬೀಳುತ್ತದೆ. ಕೊಡಬೇಡಿ ಎನ್ನಲಾರೆ; ಆ ಬಾಡಿಗೆಯಲ್ಲೇ ಔಷಧಿ ತರುವ ಹಿರಿಯರನ್ನೂ ನಾನು ಬಲ್ಲೆ. ಆದರೆ ಮನುಷ್ಯರು ಮಲಗುವ ಕೋಣೆಯ ಲೆಕ್ಕ ಬೇರೆ. ಒಂದೇ ಕೋಣೆಯ ಮನೆಯಾದರೆ ಅದು 9.5 ಚದರ ಮೀಟರಿಗೆ ಕಡಿಮೆಯಿರಬಾರದು, ಎತ್ತರ 2.75 ಮೀಟರ್ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ಆರಡಿ ಎಂಟಡಿಯ ಶೆಡ್ಡು ಅದರ ಅರ್ಧಕ್ಕೂ ಬರುವುದಿಲ್ಲ. ಕಿಟಕಿ, ಕಕ್ಕಸು, ನೀರು ಕೊಡಲಾಗದಿದ್ದರೆ ಅಲ್ಲಿ ಗುದ್ದಲಿಯೇ ಇರಲಿ. ಕೊಡುವುದೇ ಆದರೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಊಟ ಮಾಡಿ ಚಾಪೆ ಹಾಸಿಕೊಂಡು ಆ ಶೀಟಿನ ಕೆಳಗೆ ನೀವೇ ಒಂದು ಗಂಟೆ ಮಲಗಿ ನೋಡಿ. ಬಾಡಿಗೆ ಎಷ್ಟು ಎಂಬುದನ್ನು ಎದ್ದಮೇಲೆ ಹೇಳಿದರಾಯಿತು.